ಕೇಕಿನ ಮೇಲೆ ಸುರುಳಿ ಚಿತ್ತಾರ: ಫಾಂಡೆಂಟ್ ಪಟ್ಟಿಗಳನ್ನು ಸುತ್ತುವ ಬಗೆ

ಚಕ್ಕುಲಿ ಒತ್ತಿದವರಿಗೆ ಹಿಟ್ಟಿನ ಹದ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಿಟ್ಟು ಗಟ್ಟಿಯಾದರೆ ಎಳೆಯು ಸುತ್ತುವಾಗಲೇ ತುಂಡಾಗುತ್ತದೆ; ನೀರು ಹೆಚ್ಚಾದರೆ ಸುತ್ತುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಫಾಂಡೆಂಟ್ ಎಂಬ, ಹಿಟ್ಟಿನಂತೆ ನಾದಿ ಲಟ್ಟಿಸಬಹುದಾದ ಸಕ್ಕರೆ ಕಣಕದ ತೆಳ್ಳನೆಯ ಪಟ್ಟಿಗಳನ್ನು ಸುರುಳಿ ಸುತ್ತಿ, ಅವುಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಕೇಕಿನ ಮೇಲೆ ಹೂವು, ಬಳ್ಳಿ, ನವಿಲುಗಳ ಚಿತ್ತಾರ ಮೂಡಿಸುವ ಕೆಲಸವೂ ಇದೇ ಬಗೆಯದು. ಕೈಚಳಕ ಅಭ್ಯಾಸದಿಂದ ಬರುತ್ತದೆ, ಆದರೆ ಹದ ತಪ್ಪಿದ ಪಟ್ಟಿಯನ್ನು ಎಂಥ ಪಳಗಿದ ಕೈಯೂ ಸುತ್ತಲಾರದು. ಆದ್ದರಿಂದ ಈ ಬರಹದಲ್ಲಿ ಆಕಾರಗಳಿಗಿಂತ ಹೆಚ್ಚು ಜಾಗವನ್ನು ಹದಕ್ಕೇ ಕೊಟ್ಟಿದ್ದೇನೆ.

ಈ ವಿದ್ಯೆ ಕಾಗದದ ಕ್ವಿಲ್ಲಿಂಗ್ ಕಲೆಯಿಂದ ಕೇಕಿಗೆ ಬಂದದ್ದು. ಹಕ್ಕಿಯ ಗರಿಯ ದಂಟಿಗೆ (ಇಂಗ್ಲಿಷಿನಲ್ಲಿ ಕ್ವಿಲ್) ಕಾಗದದ ಪಟ್ಟಿಯನ್ನು ಸುತ್ತುತ್ತಿದ್ದುದರಿಂದ ಆ ಕಲೆಗೆ ಆ ಹೆಸರು. ಕಾಗದದ ಕ್ವಿಲ್ಲಿಂಗ್ ಮಾಡಿ ಗೊತ್ತಿರುವವರಿಗೆ ಇಲ್ಲಿನ ಆಕಾರಗಳೆಲ್ಲ ಪರಿಚಿತವೇ ಆಗಿರುತ್ತವೆ. ಆದರೆ ಕಾಗದ ಇಂದು ಹೇಗಿದೆಯೋ ನಾಳೆಯೂ ಹಾಗೆಯೇ ಇರುತ್ತದೆ, ಫಾಂಡೆಂಟ್ ಗಳಿಗೆಗಳಿಗೆಗೂ ಒಣಗುತ್ತಿರುತ್ತದೆ. ಎರಡರ ನಡುವಿನ ವ್ಯತ್ಯಾಸವೆಲ್ಲ ಅಷ್ಟರಲ್ಲಿಯೇ ಇದೆ.

ಇಪ್ಪತ್ತು ಸೆಂಟಿಮೀಟರ್ ಅಗಲದ ಒಂದು ಕೇಕಿನ ಮೇಲ್ಭಾಗದ ಅಲಂಕಾರಕ್ಕೆ, ಕತ್ತರಿಸಿ ಉಳಿಯುವ ಚೂರುಗಳನ್ನೂ ಸೇರಿಸಿ, 200 ಗ್ರಾಂ ಫಾಂಡೆಂಟ್ ಧಾರಾಳವಾಗಿ ಸಾಕು. ಕೇಕನ್ನು ಹೊದಿಸಲು ಬೇಕಾದದ್ದು ಬೇರೆ. ಇದಲ್ಲದೆ ಸಿಎಂಸಿ ಪುಡಿ (ಫಾಂಡೆಂಟನ್ನು ಗಟ್ಟಿಯಾಗಿಸುವ, ತಿನ್ನಬಹುದಾದ ಅಂಟುಪುಡಿ), ಜೆಲ್ ಬಣ್ಣಗಳು, ಸ್ವಲ್ಪ ಕಾರ್ನ್‌ಫ್ಲೋರ್, ಸ್ವಲ್ಪ ವನಸ್ಪತಿ, ಲಟ್ಟಣಿಗೆ, ಉಕ್ಕಿನ ಸ್ಕೇಲು, ಪಿಜ್ಜಾ ಕತ್ತರಿಸುವ ಚಕ್ರ ಅಥವಾ ಹರಿತವಾದ ಬ್ಲೇಡು, ಟೂತ್‌ಪಿಕ್, ಸಣ್ಣ ಬ್ರಶ್ ಮತ್ತು ಬಟರ್ ಪೇಪರ್ ಇದ್ದರೆ ಕೆಲಸ ಆರಂಭಿಸಬಹುದು. ಸ್ಕೇಲು, ಬ್ಲೇಡು, ಬ್ರಶ್‌ಗಳನ್ನು ಅಡುಗೆಯ ಕೆಲಸಕ್ಕೆಂದೇ ಬೇರೆಯಾಗಿ ಇಟ್ಟುಕೊಳ್ಳಬೇಕು. ಶಾಲೆಯ ಚೀಲದಿಂದ ತೆಗೆದ ಸ್ಕೇಲು ಇಲ್ಲಿಗೆ ಬರಬಾರದು. ಸಸ್ಯಾಹಾರಿಗಳ ಮನೆಗೆ ಕೇಕು ಮಾಡುವಾಗ ಫಾಂಡೆಂಟ್ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ಮರೆಯದೆ ನೋಡಬೇಕು, ಏಕೆಂದರೆ ಹಲವು ಬಗೆಯ ಫಾಂಡೆಂಟ್‌ಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್ ಇರುತ್ತದೆ.

ಅಂಗಡಿಯ ಫಾಂಡೆಂಟನ್ನು ಹಾಗೆಯೇ ಲಟ್ಟಿಸಿ ಪಟ್ಟಿ ಕತ್ತರಿಸಿದರೆ ಸುರುಳಿ ನಿಲ್ಲುವುದಿಲ್ಲ. ಕೇಕನ್ನು ಹೊದಿಸಲು ಅನುಕೂಲವಾಗುವಂತೆ ಅದನ್ನು ಮೃದುವಾಗಿಯೇ ತಯಾರಿಸಿರುತ್ತಾರೆ, ಹಾಗಾಗಿ ಅಂಚಿನ ಮೇಲೆ ನಿಲ್ಲಿಸಿದ ಪಟ್ಟಿ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಅದಕ್ಕೆ ಬಲ ಕೊಡುವುದು ಸಿಎಂಸಿ ಪುಡಿ. 250 ಗ್ರಾಂ ಫಾಂಡೆಂಟಿಗೆ ಮಟ್ಟಸವಾದ ಒಂದು ಟೀ ಚಮಚ ಪುಡಿ ಸಾಮಾನ್ಯ ಅಳತೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ನಾನು ಒಂದೂವರೆ ಚಮಚದವರೆಗೆ ಹಾಕುತ್ತೇನೆ. ಅದಕ್ಕಿಂತ ಹೆಚ್ಚಾದರೆ ಪಟ್ಟಿ ಬಾಗಿಸುವಾಗಲೇ ಬಿರುಕು ಬಿಡುತ್ತದೆ. ಮೊದಲು ಬಣ್ಣ ಸೇರಿಸಿ ನಾದಿ, ಬಣ್ಣವೆಲ್ಲ ಒಂದೇ ಸಮನಾದ ಮೇಲೆ ಪುಡಿಯನ್ನು ಉದುರಿಸಿ ಮತ್ತೆ ನಾದಬೇಕು. ಅಂಗೈಗೆ ಅಂಟುವಂತಿದ್ದರೆ ಕಡಲೆಕಾಳಿನಷ್ಟು ವನಸ್ಪತಿಯನ್ನು ಕೈಗೆ ಸವರಿಕೊಂಡರೆ ಸಾಕು. ಹೀಗೆ ನಾದಿದ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಬೇಕು. ಪುಡಿಯು ನೀರಿನಂಶವನ್ನು ಹೀರಿಕೊಂಡು ಬಲ ಬರಲು ಇಷ್ಟು ಹೊತ್ತು ಬೇಕು. ಹೋಳಿಗೆಯ ಕಣಕವನ್ನು ನೆನೆಯಲು ಬಿಟ್ಟಂತೆಯೇ ಇದೂ, ಅವಸರ ಮಾಡಿದರೆ ಲಟ್ಟಿಸುವಾಗ ತಿಳಿಯುತ್ತದೆ. ಕಡುಗೆಂಪು, ಕಪ್ಪು, ಕಡುನೀಲಿ ಬಣ್ಣಗಳಿಗೆ ಜೆಲ್ ಹೆಚ್ಚು ಹಿಡಿಯುವುದರಿಂದ ಆ ಫಾಂಡೆಂಟ್ ಮೆತ್ತಗಾಗುತ್ತದೆ; ಇವನ್ನು ಬಣ್ಣ ಹಾಕಿದ್ದನ್ನೇ ಕೊಳ್ಳುವುದು ಲೇಸು.

ಅಂಟನ್ನೂ ಹಿಂದಿನ ರಾತ್ರಿಯೇ ಮಾಡಿಡಬೇಕು. ಕುದಿಸಿ ಆರಿಸಿದ ಎರಡು ದೊಡ್ಡ ಚಮಚ ನೀರಿಗೆ ಕಾಲು ಟೀ ಚಮಚ ಸಿಎಂಸಿ ಪುಡಿ ಹಾಕಿ ಮುಚ್ಚಿಟ್ಟರೆ, ಗಂಟುಗಳೆಲ್ಲ ಬೆಳಗಾಗುವಷ್ಟರಲ್ಲಿ ತಾವೇ ಕರಗಿ ತಿಳಿಯಾದ ಗೋಂದಿನಂತಹ ಅಂಟು ಸಿದ್ಧವಾಗಿರುತ್ತದೆ.

ಮರುದಿನ ಉಂಡೆಯಿಂದ ನಿಂಬೆಹಣ್ಣಿನಷ್ಟನ್ನು ಮಾತ್ರ ಮುರಿದುಕೊಂಡು ಉಳಿದದ್ದನ್ನು ಮತ್ತೆ ಮುಚ್ಚಿಡಬೇಕು. ಮಣೆಯ ಮೇಲೆ ಕಾರ್ನ್‌ಫ್ಲೋರನ್ನು ಬಟ್ಟೆಯ ಗಂಟಿನಿಂದ ತೆಳುವಾಗಿ ತಟ್ಟಿ, ಒಂದು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಬೇಕು. ಗಾಢ ಬಣ್ಣಗಳ ಮೇಲೆ ಹಿಟ್ಟು ಬಿಳಿ ಕಲೆಯಾಗಿ ಉಳಿಯುವುದರಿಂದ, ಅವಕ್ಕೆ ಹಿಟ್ಟಿನ ಬದಲು ಮಣೆಗೆ ವನಸ್ಪತಿ ಸವರಬೇಕು. ದಪ್ಪವು ಎಲ್ಲ ಕಡೆ ಒಂದೇ ಆಗಿರುವುದು ಇಲ್ಲಿ ಬಹಳ ಮುಖ್ಯ, ಏಕೆಂದರೆ ನೋಡುವವರಿಗೆ ಸುರುಳಿಯಲ್ಲಿ ಕಾಣುವುದು ಪಟ್ಟಿಯ ಮುಖವಲ್ಲ, ಅದರ ದಪ್ಪ. ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪವಾದರೆ ಗೆರೆ ನಡುಗಿದಂತೆ ಕಾಣುತ್ತದೆ. ಪಾಸ್ತಾ ಯಂತ್ರ ಇರುವವರು ಅದನ್ನು ಬಳಸಿದರೆ ಈ ಚಿಂತೆಯೇ ಇಲ್ಲ.

ಲಟ್ಟಿಸಿದ ಕೂಡಲೇ ಕತ್ತರಿಸಬಾರದು. ಹಾಳೆಯನ್ನು ಐದು ನಿಮಿಷ ಹಾಗೆಯೇ ಬಿಡಬೇಕು. ಬೇಸಿಗೆಯ ಕಲಬುರಗಿಯಲ್ಲಿ ಎರಡು ನಿಮಿಷವೇ ಹೆಚ್ಚಾಗಬಹುದು, ಜುಲೈ ತಿಂಗಳ ಮಂಗಳೂರಿನಲ್ಲಿ ಹತ್ತು ನಿಮಿಷವೂ ಸಾಲದಿರಬಹುದು. ಆದ್ದರಿಂದ ಗಡಿಯಾರವನ್ನು ನಂಬುವುದಕ್ಕಿಂತ ಒಂದು ಪಟ್ಟಿಯನ್ನು ಕತ್ತರಿಸಿ ಪರೀಕ್ಷಿಸುವುದೇ ಸರಿ. ಪಟ್ಟಿಯ ಒಂದು ತುದಿ ಹಿಡಿದು ಎತ್ತಿದಾಗ ಅದು ಉದ್ದಕ್ಕೆ ಜಗ್ಗಿದರೆ ಇನ್ನೂ ಹಸಿ ಇದೆ ಎಂದರ್ಥ. ಬೆರಳಿಗೆ ಸುತ್ತಿದಾಗ ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡರೆ ಹದ ಮೀರಿದೆ. ಜಗ್ಗದೆ, ಬಿರಿಯದೆ, ಚರ್ಮದ ಪಟ್ಟಿಯಂತೆ ಬೆರಳಿನಿಂದ ಇಳಿಬಿದ್ದರೆ ಅದೇ ಹದ. ಈ ಹದ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲವಾದ್ದರಿಂದ, ಒಂದು ಸಲಕ್ಕೆ ಹತ್ತು ಹನ್ನೆರಡು ಪಟ್ಟಿಗಳಿಗಿಂತ ಹೆಚ್ಚು ಕತ್ತರಿಸಬಾರದು. ಕತ್ತರಿಸಿದವನ್ನು ಪ್ಲಾಸ್ಟಿಕ್ ಹಾಳೆಯ ಕೆಳಗೆ ಇಟ್ಟುಕೊಂಡು ಒಂದೊಂದಾಗಿ ಹೊರತೆಗೆಯಬೇಕು. ಅಗಲ ಐದು ಮಿಲಿಮೀಟರ್ ಇರಲಿ. ಬ್ಲೇಡನ್ನು ಎಳೆದರೆ ಅಂಚು ಹರಿಯುತ್ತದೆ, ಮೇಲಿನಿಂದ ಒತ್ತಿದರೆ ನೀಟಾಗಿ ತುಂಡಾಗುತ್ತದೆ.

ಈಗ ಒಂದೇ ಒಂದು ಸುರುಳಿಯನ್ನು ನಿಧಾನವಾಗಿ ಸುತ್ತಿ ನೋಡೋಣ. ಪಟ್ಟಿಯ ತುದಿಯನ್ನು ಟೂತ್‌ಪಿಕ್‌ಗೆ ತಾಗಿಸಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮೆಲ್ಲನೆ ಉರುಳಿಸಿರಿ. ಮೊದಲ ಸುತ್ತು ಪೂರ್ತಿಯಾದೊಡನೆ ಟೂತ್‌ಪಿಕ್ಕನ್ನು ಹೊರಗೆಳೆದುಬಿಡಬೇಕು, ಇಲ್ಲದಿದ್ದರೆ ನಡುವಿನ ತೂತು ದೊಡ್ಡದಾಗಿ ಉಳಿಯುತ್ತದೆ. ಆಮೇಲೆ ಬೆರಳುಗಳಲ್ಲೇ ಸುತ್ತುತ್ತಾ ಹೋಗುವಾಗ ಎಡಗೈಯ ತೋರುಬೆರಳು ಸುರುಳಿಯ ಅಡಿಯಲ್ಲಿ ಮಣೆಯಂತೆ ಆಸರೆಯಾಗಿರಲಿ. ಆಗ ಅಂಚುಗಳು ಮೇಲೆ ಕೆಳಗೆ ಜಾರದೆ ಒಂದೇ ಮಟ್ಟದಲ್ಲಿರುತ್ತವೆ. ಕೊನೆಯ ತುದಿಯ ಒಳಮೈಗೆ ಬ್ರಶ್ಶಿನ ಮೊನೆಯಿಂದ ಅಂಟು ಸೋಕಿಸಿ, ಐದಾರು ಸೆಕೆಂಡು ಹಿಡಿದಿಟ್ಟು, ಸುರುಳಿಯನ್ನು ಮಣೆಯ ಮೇಲೆ ಒಮ್ಮೆ ಮೆಲ್ಲಗೆ ತಟ್ಟಿರಿ. ಸೂಕ್ಷ್ಮವಾಗಿ ಗಮನಿಸಿದರೆ, ಕೈ ಬಿಟ್ಟ ಮೇಲೆ ಸುರುಳಿ ಒಂದಿಷ್ಟೇ ಇಷ್ಟು ಸಡಿಲಗೊಂಡು ನಿಲ್ಲುವುದು ಕಾಣುತ್ತದೆ. ಹದವಾದ ಪಟ್ಟಿಯ ಗುರುತು ಅದು. ಹಸಿ ಪಟ್ಟಿ ಸಡಿಲಗೊಳ್ಳದೆ ಅಂಟಿಕೊಂಡೇ ಇರುತ್ತದೆ.

ಪಟ್ಟಿಯ ಉದ್ದವನ್ನು ಮೊದಲೇ ಲೆಕ್ಕ ಹಾಕಿಕೊಂಡರೆ ಒಂದೇ ಅಳತೆಯ ಸುರುಳಿಗಳು ಬರುತ್ತವೆ. ಒಂದು ಮಿಲಿಮೀಟರ್ ದಪ್ಪದ, 18 ಸೆಂಟಿಮೀಟರ್ ಉದ್ದದ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರೆ ಸುಮಾರು ಒಂದೂವರೆ ಸೆಂಟಿಮೀಟರ್ ಅಗಲದ ಸುರುಳಿಯಾಗುತ್ತದೆ. ಸುತ್ತುಗಳ ನಡುವೆ ಪಟ್ಟಿಯ ದಪ್ಪದಷ್ಟೇ ಬಿಡುವು ಕೊಟ್ಟು ಸಡಿಲವಾಗಿ ಸುತ್ತಿದರೆ ಅದೇ ಅಗಲಕ್ಕೆ ಅರ್ಧ, ಎಂದರೆ ಒಂಬತ್ತು ಸೆಂಟಿಮೀಟರ್ ಸಾಕು. ಒಂದು ವಿಷಯವನ್ನು ನೆನಪಿಡಬೇಕು: ಸುರುಳಿಯ ಅಗಲ ಎರಡು ಪಟ್ಟಾಗಬೇಕಾದರೆ ಪಟ್ಟಿ ನಾಲ್ಕು ಪಟ್ಟು ಉದ್ದವಿರಬೇಕು. ಇದನ್ನು ತಿಳಿಯದೆ ದೊಡ್ಡ ಸುರುಳಿಗೆ ಹೊರಟವರು ಅರ್ಧದಲ್ಲಿ ಪಟ್ಟಿಗೆ ಪಟ್ಟಿ ಜೋಡಿಸಬೇಕಾಗುತ್ತದೆ, ಆ ಬೆಸುಗೆ ಕೊನೆಯವರೆಗೂ ಕಣ್ಣಿಗೆ ಕುತ್ತುತ್ತದೆ.

ಸಡಿಲ ಸುರುಳಿಯ ಒಂದು ಬದಿಯನ್ನು ಚಿವುಟಿದರೆ ಹನಿ, ಎದುರುಬದುರು ಎರಡು ಬದಿ ಚಿವುಟಿದರೆ ಕಣ್ಣು ಅಥವಾ ಎಲೆ, ಹನಿಯ ಮೊನೆಯನ್ನು ಒಂದು ಕಡೆಗೆ ಬಾಗಿಸಿದರೆ ಮಾವಿನಕಾಯಿ. ಪಟ್ಟಿಯ ಎರಡು ತುದಿಗಳನ್ನು ಎದುರು ದಿಕ್ಕಿಗೆ ಸುತ್ತಿದರೆ ಬಳ್ಳಿಯ ಕುಡಿ. ಇಷ್ಟರಿಂದಲೇ ಬಹುತೇಕ ಎಲ್ಲ ಚಿತ್ತಾರಗಳನ್ನೂ ಕಟ್ಟಬಹುದು.

ಮೊದಲ ಪ್ರಯತ್ನಕ್ಕೆ ರೇಷ್ಮೆ ಸೀರೆಯ ಅಂಚಿನಲ್ಲಿ ಕಾಣುವ ಮಾವಿನಕಾಯಿ ಬುಟ್ಟಾವನ್ನೇ ಆರಿಸಿಕೊಳ್ಳಿ ಎಂದು ಹೇಳುತ್ತೇನೆ. ಅದರ ಹೊರಗೆರೆ ಸರಳ, ಒಳಗೆ ತುಂಬಲು ಬೇಕಾದಷ್ಟು ಜಾಗವಿದೆ, ಒಂದು ಸುರುಳಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಒಟ್ಟು ರೂಪ ಕೆಡುವುದಿಲ್ಲ. ಹತ್ತು ಸೆಂಟಿಮೀಟರ್ ಎತ್ತರದ ಮಾವಿನಕಾಯಿಯನ್ನು ಕಾಗದದ ಮೇಲೆ ಬರೆದು, ಅದರ ಮೇಲೆ ಬಟರ್ ಪೇಪರ್ ಹರಡಿ, ಹೊರಗೆರೆಯ ಪಟ್ಟಿಯನ್ನು ಮೊದಲು ಅಂಚಿನ ಮೇಲೆ ನಿಲ್ಲಿಸಬೇಕು. ಅದು ಅರ್ಧ ಗಂಟೆ ಆರಿ ಗಟ್ಟಿಯಾದ ಮೇಲೆ, ಕಾಯಿಯ ಹೊಟ್ಟೆಯ ಭಾಗದಲ್ಲಿ 25 ಸೆಂಟಿಮೀಟರ್ ಪಟ್ಟಿಯಿಂದ ಸುತ್ತಿದ ದೊಡ್ಡ ಸಡಿಲ ಸುರುಳಿಯೊಂದನ್ನು ಇಟ್ಟು, ಅದರ ಸುತ್ತ ಹನಿಗಳನ್ನು ಮೊನೆ ಹೊರಮುಖವಾಗಿ ಜೋಡಿಸಿ, ಕೊನೆಗೆ ಉಳಿದ ಸಂದುಗಳಿಗೆ ಬಿಗಿ ಸುರುಳಿಯ ಚುಕ್ಕೆಗಳನ್ನು ಕೂರಿಸಬೇಕು. ದೊಡ್ಡದರಿಂದ ಚಿಕ್ಕದಕ್ಕೆ ಬರುವುದು ಸುಲಭ, ಚಿಕ್ಕದರಿಂದ ಆರಂಭಿಸಿದವರಿಗೆ ಕೊನೆಯಲ್ಲಿ ಜಾಗ ಹೊಂದುವುದಿಲ್ಲ. ಸುರುಳಿಗಳು ಒಂದನ್ನೊಂದು ಸೋಕಬೇಕೇ ಹೊರತು ಒತ್ತಬಾರದು. ಎಲ್ಲ ಸಂದುಗಳನ್ನೂ ತುಂಬಿಬಿಡಬೇಕೆಂಬ ಆಸೆ ಸಹಜ. ಆದರೆ ಸುತ್ತುಗಳ ನಡುವಿನ ನೆರಳೇ ಈ ಕೆಲಸದ ಅಂದವಾದ್ದರಿಂದ, ಕೆಲವು ಸಂದುಗಳನ್ನು ಹಾಗೆಯೇ ಬಿಡುವುದು ಒಳ್ಳೆಯದು.

ಒಣಗಿದ ಬಿಡಿ ಭಾಗಗಳನ್ನು ಕೇಕಿನ ಮೇಲೆ ಕೂರಿಸುವಾಗ ಅಂಟನ್ನು ಕೇಕಿಗೆ ಹಚ್ಚಬಾರದು. ತಟ್ಟೆಯೊಂದರ ಮೇಲೆ ಅಂಟನ್ನು ತೆಳುವಾಗಿ ಸವರಿ, ಸುರುಳಿಯ ಕೆಳ ಅಂಚನ್ನು ಅದಕ್ಕೆ ಒಮ್ಮೆ ತಾಗಿಸಿ ಇಟ್ಟರೆ ಹೊಳಪಿನ ಕಲೆಗಳು ಉಳಿಯುವುದಿಲ್ಲ. ಕೇಕಿನ ಬದಿಗೆ ಅಂಟಿಸುವ ಚಿತ್ತಾರವನ್ನು ಮಟ್ಟಸ ಮಣೆಯ ಮೇಲೆ ಒಣಗಿಸಿದರೆ ಅದು ಬದಿಯ ದುಂಡಿಗೆ ಕೂರುವುದೇ ಇಲ್ಲ. ಕೇಕಿನಷ್ಟೇ ಅಗಲದ ಟಿನ್ನನ್ನು ಅಡ್ಡ ಮಲಗಿಸಿ, ಅದರ ಮೇಲೆ ಬಟರ್ ಪೇಪರ್ ಹೊದಿಸಿ, ಚಿತ್ತಾರವನ್ನು ಆ ಬಾಗಿನ ಮೇಲೆಯೇ ಕಟ್ಟಿ ಒಣಗಿಸಬೇಕು.

ಕೇಕಿನ ಹೊದಿಕೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಬೇಕರಿಗಳಲ್ಲಿ ಹೆಚ್ಚಾಗಿ ಬಳಸುವ ವಿಪ್ಡ್ ಕ್ರೀಮಿನ ಮೇಲೆ ಈ ಸುರುಳಿಗಳನ್ನು ನೇರವಾಗಿ ಇಡುವಂತಿಲ್ಲ. ಕ್ರೀಮಿನಲ್ಲಿರುವ ನೀರನ್ನು ಸಕ್ಕರೆ ಹೀರಿಕೊಂಡು ಅಡಿಯಿಂದಲೇ ಕರಗತೊಡಗುತ್ತದೆ. ಗನಾಶ್ (ಚಾಕೊಲೇಟ್ ಮತ್ತು ಕ್ರೀಮ್ ಬೆರೆಸಿದ ಲೇಪ) ಅಥವಾ ಬಟರ್‌ಕ್ರೀಮ್ ಸವರಿದ ಕೇಕಿಗೆ ಮೂರು ನಾಲ್ಕು ಮಿಲಿಮೀಟರ್ ದಪ್ಪದ ಫಾಂಡೆಂಟ್ ಹೊದಿಸಿ, ಅದರ ಮೇಲ್ಮೈ ಒಂದು ರಾತ್ರಿ ಆರಿದ ಮೇಲೆ ಚಿತ್ತಾರ ಕೂರಿಸುವುದು ಸರಿಯಾದ ಕ್ರಮ. ವಿಪ್ಡ್ ಕ್ರೀಮೇ ಬೇಕೆಂದು ಕೇಳುವವರಿಗೆ, ಚಿತ್ತಾರವನ್ನು ಪೂರ್ತಿ ಒಣಗಿದ ಫಾಂಡೆಂಟ್ ಬಿಲ್ಲೆಯ ಮೇಲೆ ಕಟ್ಟಿಟ್ಟು, ಬಡಿಸುವ ಮುನ್ನ ಆ ಬಿಲ್ಲೆಯನ್ನು ಕೇಕಿನ ಮೇಲೆ ಇಡಬಹುದು.

ತೇವದ ವಿಷಯದಲ್ಲಿ ನಾನು ಪಾಠ ಕಲಿತದ್ದು ಒಂದು ಸೀಮಂತದ ಕೇಕಿನಿಂದ. ಮಳೆಗಾಲದಲ್ಲಿ ಎರಡು ದಿನ ಕುಳಿತು ಕಟ್ಟಿದ ಕೆಂಪು ಸುರುಳಿಗಳ ಚಿತ್ತಾರವನ್ನು, ಕೆಡದಿರಲೆಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಗ್ಗೆ ಹೊರತೆಗೆದು ಮೇಜಿನ ಮೇಲಿಟ್ಟೆ. ಕಾಲು ಗಂಟೆಯೊಳಗೆ ತಣ್ಣಗಿನ ಸುರುಳಿಗಳ ಮೇಲೆ ಹೊರಗಿನ ಗಾಳಿಯ ತೇವ ಇಬ್ಬನಿಯಾಗಿ ಕಟ್ಟಿಕೊಂಡು, ಹನಿಯಾಕಾರದ ಸುರುಳಿಗಳು ಒಂದರ ಮೇಲೊಂದು ವಾಲಿ, ಕೆಂಪು ಬಣ್ಣ ಬಿಳಿಯ ಹೊದಿಕೆಯ ಮೇಲೆ ಗೆರೆಗೆರೆಯಾಗಿ ಇಳಿಯಿತು. ಅಂದಿನಿಂದ ಸುರುಳಿಗಳನ್ನು ಫ್ರಿಜ್ಜಿಗೆ ಇಡುವುದನ್ನೇ ಬಿಟ್ಟಿದ್ದೇನೆ. ಒಣ ಹವೆಯಿದ್ದರೆ ಒಂದು ರಾತ್ರಿ, ಮಳೆಗಾಲದಲ್ಲಿ ಎರಡು ಮೂರು ದಿನ ಫ್ಯಾನಿನ ಗಾಳಿಗೆ ಅಥವಾ ಎಸಿ ಕೋಣೆಯಲ್ಲಿ ಒಣಗಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಎತ್ತಿಡುತ್ತೇನೆ. ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ. ಕೇಕನ್ನು ಫ್ರಿಜ್ಜಿನಲ್ಲಿಡಲೇಬೇಕಾಗಿ ಬಂದರೆ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಹೊರತೆಗೆದ ಮೇಲೆ ಕೋಣೆಯ ಹವೆಗೆ ಹೊಂದಿಕೊಳ್ಳುವವರೆಗೂ ಪೆಟ್ಟಿಗೆಯನ್ನು ತೆರೆಯದಿರಬೇಕು.

ಅಂಚುಗಳಿಗೆ ಚಿನ್ನದ ಮೆರುಗು ಕೊಡುವುದಾದರೆ ಒಣ ಬ್ರಶ್ಶಿನಿಂದ ಮೆರುಗಿನ ಪುಡಿಯನ್ನು ತೆಳುವಾಗಿ ಸವರಿದರೆ ಸಾಕು, ಜರಿಯ ಹೊಳಪು ಬರುತ್ತದೆ. ಪುಡಿಯ ಡಬ್ಬಿಯ ಮೇಲೆ ತಿನ್ನಲು ಯೋಗ್ಯ ಎಂದೇ ಬರೆದಿರಬೇಕು. ವಿಷಕಾರಿಯಲ್ಲ ಎಂದಷ್ಟೇ ಬರೆದಿರುವುದು ಅಲಂಕಾರದ ವಸ್ತುಗಳಿಗೆ, ತಿನ್ನುವ ಕೇಕಿಗಲ್ಲ.

ಕೇಕನ್ನು ಬೇರೆಡೆಗೆ ಒಯ್ಯುವಾಗ ಎಂಟು ಹತ್ತು ಸುರುಳಿಗಳನ್ನೂ ಸ್ವಲ್ಪ ಅಂಟನ್ನೂ ಬ್ರಶ್ಶನ್ನೂ ಜೊತೆಗಿಟ್ಟುಕೊಳ್ಳಬೇಕು, ರಸ್ತೆಯ ಒಂದು ಹಳ್ಳಕ್ಕೆ ಎರಡು ಸುರುಳಿಯಾದರೂ ಉದುರುವುದುಂಟು. ಪೂರ್ತಿ ಒಣಗಿದ ಸುರುಳಿಗಳು ಸಕ್ಕರೆ ಅಚ್ಚಿನಷ್ಟೇ ಗಟ್ಟಿಯಾಗಿರುವುದರಿಂದ, ಕೇಕು ಕತ್ತರಿಸುವ ಮುನ್ನ ಚಾಕುವಿನ ಮೊನೆಯನ್ನು ಅಡಿಗೆ ತೂರಿಸಿ ಚಿತ್ತಾರವನ್ನು ಇಡಿಯಾಗಿ ಎಬ್ಬಿಸಿ ತಟ್ಟೆಗೆ ತೆಗೆಯಬೇಕು. ಮಕ್ಕಳು ಕೇಳಿದರೆ ಒಂದೊಂದು ಹನಿ ಮುರಿದು ಕೊಡಬಹುದು. ತೀರಾ ಚಿಕ್ಕ ಮಕ್ಕಳಿಗೆ ಬೇಡ.