ಎರಡು ಕೆಟ್ಟ ಗೇರ್ ಬಾಕ್ಸ್‌ನಿಂದ ಒಂದು ಒಳ್ಳೆಯದು

ಸೆಕೆಂಡ್ ಗೇರ್ ಈಗ ಕರ್ ಅನ್ನದೆ ಬೀಳುತ್ತಿದೆ, ಬೆಳಗಿನ ಕೊರೆಯುವ ಚಳಿಯಲ್ಲೂ. ಇಷ್ಟಾಗಲು ಒಂದು ವರ್ಷದ ಹತ್ತಿರ ಹಿಡಿಯಿತು, 800 ಚಿಲ್ಲರೆ ಪೌಂಡ್ ಹೋಯಿತು. ಮನೆಯ ಶೆಡ್ಡಿನಲ್ಲಿ ಗೇರ್ ಬಾಕ್ಸ್ ಬಿಚ್ಚಿ ಕಟ್ಟುವುದು ಆಗದ ಮಾತು ಅಂದವರೇ ಜಾಸ್ತಿ. ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 1999ರ ಮಜ್ದಾ ಎಂಎಕ್ಸ್-5, 1.8 ಎಂಜಿನ್, ಐದು ಗೇರಿನದು. ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಸ್ಪೋರ್ಟ್ಸ್ ಕಾರ್ ಅಂದ ತಕ್ಷಣ ನಮ್ಮವರು ಫೆರಾರಿ ಅಂದುಕೊಂಡು ಬಂದು, ಇದನ್ನು ನೋಡಿ ನಗುತ್ತಾರೆ. ನಗಲಿ. ಟನ್ನಿಗೆ ಸ್ವಲ್ಪ ಜಾಸ್ತಿ ತೂಕ, ಹಿಂದಿನ ಚಕ್ರಕ್ಕೆ ಡ್ರೈವ್, ಲಿವರ್ ನೇರವಾಗಿ ಬಾಕ್ಸ್ ಮೇಲೇ ಕೂತಿರುತ್ತದೆ. ಆ ಪುಟ್ಟ ಲಿವರ್ ಆಡಿಸುವ ಖುಷಿಗೇ ಜನ ಇದನ್ನು ಕೊಳ್ಳುವುದು. ಅದೇ ಕರಕರ ಅಂದರೆ ಗಾಡಿ ಇಟ್ಟುಕೊಂಡು ಏನು ಮಾಡುವುದು?

ನಾನು ಕೊಂಡಾಗ 90 ಸಾವಿರ ಮೈಲಿ ಓಡಿತ್ತು. ಎರಡು ರೋಗ. ಮೋಟಾರ್‌ವೇ ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೇರುತ್ತಿತ್ತು, ಸ್ಪೀಡ್ ಮಾತ್ರ ಇದ್ದಲ್ಲೇ. ಕ್ಲಚ್ ಕಥೆ ಮುಗಿದಿತ್ತು. ಇನ್ನೊಂದು ಸೆಕೆಂಡ್ ಗೇರ್. ಎಣ್ಣೆ ಬಿಸಿಯಾಗುವವರೆಗೆ ಅದು ಬೀಳುತ್ತಲೇ ಇರಲಿಲ್ಲ, ಬಿದ್ದರೆ ಬೀದಿಗೆಲ್ಲ ಕೇಳಿಸುತ್ತಿತ್ತು.

ಗೇರ್ ಬಾಕ್ಸ್ ರಿಪೇರಿ ಮಾಡುವವರನ್ನು ಕೇಳಿದೆ. ರೀಕಂಡಿಷನ್ ಬಾಕ್ಸ್, ಕ್ಲಚ್, ಕೂಲಿ ಎಲ್ಲ ಸೇರಿ 1,300 ಪೌಂಡ್ ಹತ್ತಿರ ಹೇಳಿದರು. ಗಾಡಿ ಕೊಂಡದ್ದೇ ಅದಕ್ಕಿಂತ ಸ್ವಲ್ಪ ಮೇಲೆ. ಹಾಸನದ ಗೆಳೆಯನೊಬ್ಬ ಇಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಅವನದು ಒಂದೇ ಮಾತು: "ಗುರು, ಸುಮ್ನೆ ಗುಜರಿಯಿಂದ ಒಂದು ಬಾಕ್ಸ್ ತಂದು ಹಾಕು. ಇಲ್ಲಿ ಯಾರೂ ಬಾಕ್ಸ್ ಬಿಚ್ಚಲ್ಲ. ಬಿಚ್ಚಿದರೆ ಬಕೆಟ್‌ನಲ್ಲಿ ತಗೊಂಡು ಬರ್ತೀಯ."

ಸರಿ ಅಂತ 150 ಪೌಂಡ್ ಕೊಟ್ಟು ಒಂದು ಬಾಕ್ಸ್ ತಂದೆ. ಜೊತೆಗೆ 80 ಪೌಂಡಿನ ಕ್ಲಚ್ ಕಿಟ್.

ಹಳೇ ಬಾಕ್ಸ್ ಇಳಿಸುವುದು ಗಾಡಿ ಬಿಚ್ಚಿದವರಿಗೆ ಗೊತ್ತಿರುವ ಕೆಲಸವೇ. ಈ ಗಾಡಿಯಲ್ಲಿ ತಲೆನೋವು ಮೂರು. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಂ ಫ್ರೇಮ್ ಒಂದಿದೆ, ಪಿಪಿಎಫ್ ಅನ್ನುತ್ತಾರೆ. ಡಿಫರೆನ್ಷಿಯಲ್ ಕಡೆಯ ಅದರ ಬುಷ್, ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಸುರಿಯುವ ಉಪ್ಪಿಗೆ ತುಕ್ಕು ಹಿಡಿದು ಕೂತಿರುತ್ತದೆ. ಹಿಂದಿನ ದಿನವೇ ಎಣ್ಣೆ ಬಿಟ್ಟು ನೆನೆಸಬೇಕು. ಎರಡನೆಯದು ಎಕ್ಸಾಸ್ಟ್ ನಟ್. ಶಾಖ ಕೊಡದೆ ಮುಟ್ಟಿದರೆ ಮುರಿಯಿತು ಅಂತಲೇ ಲೆಕ್ಕ. ಮೂರನೆಯದು ಬೆಲ್ ಹೌಸಿಂಗಿನ, ಅಂದರೆ ಕ್ಲಚ್ ಮುಚ್ಚುವ ಬಾಕ್ಸಿನ ಮುಂಭಾಗದ, ಮೇಲಿನ ಬೋಲ್ಟ್‌ಗಳು. ಹಿಂದಿನಿಂದ, ಬಾಕ್ಸಿನ ಬಾಲದ ಮೇಲಿಂದ, ಹತ್ತಿರ ಹತ್ತಿರ ಒಂದು ಮೀಟರ್ ಎಕ್ಸ್‌ಟೆನ್ಷನ್ ಹಾಕಿ ತಿರುಗಿಸಬೇಕು. ಎಂಜಿನ್ ಕಡೆಯಿಂದ ಕೈ ತೂರಿಸಲು ಹೋದರೆ ಚರ್ಮ ಹೋಗುತ್ತದೆ, ಬೋಲ್ಟ್ ಅಲ್ಲಾಡುವುದಿಲ್ಲ. ಬಾಕ್ಸ್ 35 ಕೆಜಿ ಇರಬಹುದು. ಎದೆಯ ಮೇಲೆ ಇಳಿಸಿಕೊಂಡೆ ಅನ್ನುವ ಶೂರರಿದ್ದಾರೆ. ನಾನು 60 ಪೌಂಡಿಗೆ ಹಳೇ ಟ್ರಾನ್ಸ್‌ಮಿಷನ್ ಜ್ಯಾಕ್ ತಂದೆ.

ಕ್ಲಚ್ ಪ್ಲೇಟ್ ರಿವೆಟ್‌ವರೆಗೆ ಸವೆದಿತ್ತು. ಆ ಸಲ ಫ್ಲೈವೀಲ್, ಅಂದರೆ ಕ್ಲಚ್ ಕೂರುವ ಎಂಜಿನ್ನಿನ ಭಾರದ ಚಕ್ರ, ಬಿಚ್ಚಲಿಲ್ಲ. ಗೇರ್ ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಫ್ಲೈವೀಲಿನ ನಡುವೆಯೇ ಇರುತ್ತದೆ, ಅದನ್ನು ಮಾತ್ರ ತೆಗೆಯಬೇಕಿತ್ತು. ತೂತಿಗೆ ಗ್ರೀಸ್ ತುಂಬಿ, ಸರಿಯಾಗಿ ಕೂರುವ ರಾಡ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವುದು ಹಳೇ ಉಪಾಯ. ಗ್ರೀಸ್ ಪಕ್ಕದಿಂದ ಚಿಮ್ಮಿ ಮುಖಕ್ಕೇ ಬಂತು. ಇಲ್ಲಿನವರು ಒದ್ದೆ ಬ್ರೆಡ್ ತುಂಬುತ್ತಾರೆ. ನಮ್ಮನೆಯಲ್ಲಿ ರಾತ್ರಿಯ ರಾಗಿ ಮುದ್ದೆ ಮಿಕ್ಕಿತ್ತು. ಸ್ವಲ್ಪ ಸ್ವಲ್ಪವೇ ತುರುಕಿ ಹೊಡೆದೆ. ಬೇರಿಂಗ್ ತಾನಾಗಿ ಈಚೆ ಜಾರಿತು. ತಂಗಳು ಮುದ್ದೆ ಬ್ರೆಡ್ಡಿಗಿಂತ ಮೇಲು, ಗಟ್ಟಿ ಇರುತ್ತದೆ, ಪಕ್ಕಕ್ಕೆ ಸೋರುವುದಿಲ್ಲ. ಹೆಂಡತಿಗೆ ಇನ್ನೂ ಹೇಳಿಲ್ಲ.

ಬಾಕ್ಸ್ ಏರಿಸಿದೆ, ಓಡಿಸಿದೆ. ಸೆಕೆಂಡ್ ಗೇರ್ ಬೆಣ್ಣೆ. ಆದರೆ ಮೂರನೆಯದು ಕರ್ ಅನ್ನುತ್ತಿತ್ತು, ಐದರಲ್ಲಿ ಒಂದೇ ಸಮ ಗೊಂಯ್ ಅನ್ನುವ ಶಬ್ದ. 150 ಪೌಂಡ್ ಕೊಟ್ಟು ಬೇರೆ ರೋಗ ತಂದುಕೊಂಡ ಹಾಗಾಯಿತು. ಮಾರಿದವರು ಒಂದು ತಿಂಗಳ ಗ್ಯಾರಂಟಿ ಅಂದಿದ್ದರು, ಫೋನ್ ಮಾಡಿದರೆ ಎತ್ತಲಿಲ್ಲ. ಸಾಲದ್ದಕ್ಕೆ ಅಗ್ಗದ ಕಿಟ್ಟಿನ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಕೆಲವೇ ವಾರಕ್ಕೆ ಚಿಲಿಪಿಲಿ ಶುರು ಮಾಡಿತು.

ಎಣ್ಣೆಯಲ್ಲಿ ಆಟ ಆಡಿದ್ದು ಆಗಲೇ. ಈ ಬಾಕ್ಸಿಗೆ ಎರಡು ಲೀಟರ್ ಹಿಡಿಯುತ್ತದೆ. ಅದರಲ್ಲಿ ಯಾರೋ ಜಿಎಲ್-5 ದರ್ಜೆಯ ಎಣ್ಣೆ ತುಂಬಿದ್ದರು. ಗೇರ್ ಬೀಳುವ ಮೊದಲು ಗೇರಿನ ಕೋನಿಗೆ ಕಚ್ಚಿ ವೇಗ ಸಮ ಮಾಡುವುದು ಹಿತ್ತಾಳೆಯ ಸಿಂಕ್ರೊ ರಿಂಗ್, ಅದಕ್ಕೆ ಈ ಎಣ್ಣೆ ಅಷ್ಟಾಗಿ ಆಗಿಬರುವುದಿಲ್ಲ. ತುಂಬಾ ಜಾರುತ್ತದೆ, ರಿಂಗಿಗೆ ಹಿಡಿತ ಸಿಗುವುದಿಲ್ಲ. 75ಡಬ್ಲ್ಯು-90 ಜಿಎಲ್-4 ಹಾಕಿದೆ, ಅರ್ಧ ರೋಗ ಇಳಿಯಿತು. ಆಸೆ ಬಿಡಲಿಲ್ಲ, ಕಾಲು ಭಾಗ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಬಾಕ್ಸಿನ ತೆಳು ಎಣ್ಣೆ, ಬೆರೆಸಿ ನೋಡಿದೆ. ಚಳಿಯಲ್ಲಿ ಗೇರ್ ಚೆನ್ನಾಗಿ ಬಿತ್ತು, ಬಿಸಿಯಾದ ಮೇಲೆ ಗೊಂಯ್ ಶಬ್ದ ಎರಡರಷ್ಟಾಯಿತು. ಚೆಲ್ಲಿದೆ. ಲಿವರ್ ಬುಡದಲ್ಲಿ ಬೇರೆಯೇ ಎಣ್ಣೆಗುಂಡಿ ಇದೆ, 80 ಎಂಎಲ್ ಇರಬಹುದು. ಬಹಳ ಜನ ಅದನ್ನು ಮರೆತೇಬಿಡುತ್ತಾರೆ. ಅಲ್ಲಿನ ರಬ್ಬರ್ ಬೂಟ್ ಹರಿದಿದ್ದರೆ ಕ್ಯಾಬಿನ್ನಿಗೆ ಬಿಸಿಗಾಳಿ ಬರುತ್ತದೆ, ಲಿವರ್ ಲೊಡಲೊಡ. ಇಡೀ ಕೆಲಸದಲ್ಲಿ ಕೊಟ್ಟ ಕಾಸಿಗೆ ಜಾಸ್ತಿ ಸಿಕ್ಕಿದ್ದು ಆ ಬೂಟ್ ಮತ್ತು ಪ್ಲಾಸ್ಟಿಕ್ ಬುಷ್‌ನಿಂದ.

ಹಳೇ ಬಾಕ್ಸ್ ಶೆಡ್ಡಿನಲ್ಲೇ ಇತ್ತು. ಅದರಲ್ಲಿ ಸೆಕೆಂಡ್ ಕೆಟ್ಟಿದೆ, ಐದು ಚೆನ್ನಾಗಿದೆ. ಇದರಲ್ಲಿ ಐದು ಕೆಟ್ಟಿದೆ, ಸೆಕೆಂಡ್ ಚೆನ್ನಾಗಿದೆ. ಎರಡರಿಂದ ಒಂದು ಮಾಡಬಹುದಲ್ವಾ ಅಂದೆ. ಗೆಳೆಯ ಫೋನಿನಲ್ಲೇ ನಕ್ಕ.

ಬಾಕ್ಸ್ ಬಿಚ್ಚಲು ಅಡ್ಡಿಯಾಗಿದ್ದು ಪುಲ್ಲರ್, ಅಂದರೆ ಶಾಫ್ಟಿನಿಂದ ಬೇರಿಂಗ್ ಎಳೆದು ತೆಗೆಯುವ ಸಾಧನ. ಬೇರಿಂಗ್ ಮತ್ತು ಗೇರಿನ ನಡುವೆ ಮಾಮೂಲಿ ಪುಲ್ಲರಿನ ಕಾಲು ಹೋಗುವಷ್ಟು ಜಾಗವಿಲ್ಲ. ತುರುಕಿದ ಒಂದು ಪುಲ್ಲರಿನ ಕಾಲು ಬಾಗಿತು. ಎರಡು ಹೋಳಿನ ತೆಳು ಪ್ಲೇಟ್ ಬೇಕು. ಇಲ್ಲಿ ಮಾಡಿಸಲು 120 ಪೌಂಡ್ ಕೇಳಿದರು. ಚಿತ್ರ ಬರೆದು, ಅಳತೆ ಹಾಕಿ ಊರಿನಲ್ಲಿದ್ದ ಭಾವನಿಗೆ ವಾಟ್ಸಾಪ್ ಮಾಡಿದೆ. ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಇಎನ್8 ಉಕ್ಕಿನಲ್ಲಿ 1,800 ರೂಪಾಯಿಗೆ ಮಾಡಿಕೊಟ್ಟರು, ಅಂಚು ಉಜ್ಜಿ ನುಣುಪು ಮಾಡಿ. ಅತ್ತೆಯವರು ಬರುವಾಗ ಚಟ್ನಿಪುಡಿ ಡಬ್ಬಿಗಳ ನಡುವೆ ಅದೂ ಬಂತು. ಏರ್‌ಪೋರ್ಟಿನಲ್ಲಿ ಬ್ಯಾಗ್ ಬಿಚ್ಚಿಸಿದರಂತೆ. "ನಿಮ್ಮ ಕಬ್ಬಿಣಕ್ಕೆ ನಾನು ಉತ್ತರ ಹೇಳಬೇಕಾಯ್ತು" ಅಂತ ವಾರ ಪೂರ್ತಿ ಬೈಸಿಕೊಂಡೆ.

ಶಾಫ್ಟಿನ ಲಾಕ್‌ನಟ್ ಬಗ್ಗೆ ಒಂದು ಮಾತು. ಅದರ ಅಂಚನ್ನು ಕಂಪನಿಯಲ್ಲೇ ಶಾಫ್ಟಿನ ತೋಡಿಗೆ ತಟ್ಟಿ ಕೂರಿಸಿರುತ್ತಾರೆ. ಮೊದಲು ಚಿಕ್ಕ ಉಳಿಯಿಂದ ಆ ಅಂಚನ್ನು ಪೂರ್ತಿ ಎತ್ತಿ. ಎರಡು ಗೇರ್ ಒಟ್ಟಿಗೆ ಹಾಕಿದರೆ ಶಾಫ್ಟ್ ಲಾಕ್ ಆಗುತ್ತದೆ, ಆಮೇಲೆ ಉದ್ದ ಪೈಪ್ ಸಿಕ್ಕಿಸಿ ಒತ್ತಿ. ನಟ್ ಹೊಸದೇ ಹಾಕಬೇಕು. ಗೇರ್ ಬದಲಿಸುವ ಸೆಲೆಕ್ಟರ್ ರಾಡ್ ಎಳೆಯುವಾಗ ಪಾಲಿಥಿನ್ ಚೀಲದೊಳಗೆ ಕೈಯಿಟ್ಟು ಎಳೆಯಿರಿ. ಒಳಗಿನ ಸ್ಪ್ರಿಂಗ್ ಮತ್ತು ಗುಂಡು ಹಾರಿದರೆ ಶೆಡ್ಡಿನಲ್ಲಿ ಮತ್ತೆ ಸಿಗುವುದಿಲ್ಲ.

ಹಳೇ ಬಾಕ್ಸಿನ ಸೆಕೆಂಡ್ ರಿಂಗನ್ನು ಗೇರಿನ ಕೋನಿನ ಮೇಲೆ ಬೆರಳಿಂದ ಒತ್ತಿ ತಿರುಗಿಸಿದೆ. ಗಾಜಿನ ಮೇಲೆ ಬಳೆ ಜಾರಿದ ಹಾಗೆ ಜಾರಿತು. ಹೊಸ ರಿಂಗ್ ಅದೇ ಕೋನ್ ಮೇಲೆ ಒತ್ತಿದರೆ ಗಪ್ಪನೆ ಕಚ್ಚಿತು. ರಿಂಗು ಮತ್ತು ಗೇರಿನ ನಡುವಿನ ಸಂದು ಅಳೆಯಲು ಫೀಲರ್ ಗೇಜ್ ಹಾಕಿದೆ. ಹೊಸದಕ್ಕೆ ಸುಮಾರು 1.5 ಮಿಮೀ ಸಂದು ಇರಬೇಕು, 0.8ಕ್ಕೆ ಇಳಿದರೆ ಎಸೆಯಬೇಕು. ನನ್ನದು 0.7 ಇತ್ತು. ಗೇರಿನ ಚಿಕ್ಕ ಹಲ್ಲುಗಳ ತುದಿಯೂ ದುಂಡಗಾಗಿತ್ತು, ಹಾಗಾಗಿ ಸೆಕೆಂಡ್ ಗೇರ್ ಗುಜರಿ ಬಾಕ್ಸಿನಿಂದ ಬಂತು. ನಾಲ್ಕು ರಿಂಗ್ ಕಂಪನಿಯದೇ ತಂದೆ, 170 ಪೌಂಡ್ ಆಯಿತು. ಬೇರಿಂಗ್, ಸೀಲ್ ಎಲ್ಲ ಸೇರಿ ಇನ್ನೊಂದು 190. ಬೇರಿಂಗ್ ಮೇಲೆ ನಂಬರ್ ಇರುತ್ತದೆ, ಕೆಲವು ಯಾವ ಬೇರಿಂಗ್ ಅಂಗಡಿಯಲ್ಲಾದರೂ ಸಿಗುತ್ತವೆ. ಸ್ನ್ಯಾಪ್ ರಿಂಗ್ ಕೂರುವ ತೋಡು ಇರುವುದನ್ನು ಮಾತ್ರ ಹುಡುಕಿ ತರಿಸಬೇಕು.

ಹೊಸ ರಿಂಗ್ ಹಾಗೇ ಹಾಕಲಿಲ್ಲ. ಕೋನಿಗೆ ಪಾಲಿಶ್ ಹಿಡಿದಿತ್ತು. ಒಂದು ಪೇಸ್ಟ್ ಹಚ್ಚಿ ಎರಡನ್ನೂ ಕೈಯಲ್ಲೇ ಉಜ್ಜಿ ಕೂರಿಸಿದೆ. ಯಾವ ಪೇಸ್ಟ್, ಎಷ್ಟು ಸುತ್ತು ಅನ್ನುವುದು ನನ್ನ ಹತ್ತಿರವೇ ಇರಲಿ. ಹಣ ಕೊಟ್ಟು ಕಲಿತದ್ದು, ಶೆಡ್ಡಿಗೆ ಬಂದವರಿಗೆ ತೋರಿಸುತ್ತೇನೆ. ಮುಂದಿನ ಕವರಿನ ಶಿಮ್, ಅಂದರೆ ಸಂದು ತುಂಬುವ ತೆಳು ಬಿಲ್ಲೆ, ಅಳೆಯುವ ನನ್ನ ಉಪಾಯವೂ ಹಾಗೇ.

ಬೇರಿಂಗ್ ಕೂರಿಸಲು ಪ್ರೆಸ್ ಇಲ್ಲ. ಬೇರಿಂಗನ್ನು ರಾತ್ರಿಯೆಲ್ಲ ಫ್ರೀಜರಿನಲ್ಲಿಟ್ಟೆ, ಕೇಸನ್ನು ಶೆಡ್ಡಿನ ಹಳೇ ಓವನ್ನಿನಲ್ಲಿ 100 ಡಿಗ್ರಿಗೆ ಬಿಸಿ ಮಾಡಿದೆ. ಟಕ್ ಅಂತ ತಾನೇ ಬಿತ್ತು. ಸುತ್ತಿಗೆ ಮುಟ್ಟಲಿಲ್ಲ.

ಈ ಸಲ ಕ್ಲಚ್ ಎಕ್ಸೆಡಿ ಕಂಪನಿಯದು, 150 ಪೌಂಡ್. ಫ್ಲೈವೀಲೂ ಇಳಿಸಿದೆ. ಮೇಲೆ ನೀಲಿ ಕಲೆಗಳಿದ್ದವು, ಮಷಿನ್ ಶಾಪ್‌ನಲ್ಲಿ 40 ಪೌಂಡಿಗೆ ಸವರಿಸಿದೆ. ಎಂಜಿನ್ ಹಿಂಬದಿಯ ಕ್ರ್ಯಾಂಕ್ ಸೀಲ್ ಕೂಡ ಹೊಸದು ಹಾಕಿದೆ. ಫ್ಲೈವೀಲ್ ಬೋಲ್ಟಿನ ಎಳೆಗಳಿಗೆ ಸೀಲೆಂಟ್ ಹಚ್ಚುವುದನ್ನು ಬಿಡಬೇಡಿ. ತೂತು ಎಂಜಿನ್ ಒಳಗೆ ತೆರೆದಿದೆ, ಹಚ್ಚದಿದ್ದರೆ ಎಣ್ಣೆ ಹೊಸ ಪ್ಲೇಟಿಗೇ ಬರುತ್ತದೆ. ಸುಮಾರು 100 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆ. ಪಿಪಿಎಫ್ ಬಿಗಿ ಮಾಡುವಾಗ ಬಾಕ್ಸಿನ ಬಾಲವನ್ನು ಜ್ಯಾಕಿನಲ್ಲಿ ಎತ್ತಿ ಹಿಡಿದಿರಬೇಕು. ಇಲ್ಲದಿದ್ದರೆ ಬಾಲ ಜೋತು ಪ್ರೊಪೆಲ್ಲರ್ ಶಾಫ್ಟ್ ನಡುಗುತ್ತದೆ.

ಲೆಕ್ಕ ಹಾಕಿದರೆ ವ್ಯರ್ಥವಾದ ಕಿಟ್ಟೂ ಸೇರಿ ಸುಮಾರು 880 ಪೌಂಡ್. ಗ್ಯಾರೇಜಿಗಿಂತ ಉಳಿದದ್ದು 400 ಚಿಲ್ಲರೆ. ನನ್ನ ಕೂಲಿ ಹಿಡಿದರೆ ಉಳಿದದ್ದು ಏನೂ ಇಲ್ಲ. ಹಿಡಿಯುವುದಿಲ್ಲ.

ಸಾವಿರ ಮೈಲಿ ಓಡಿಸಿ ಎಣ್ಣೆ ಇಳಿಸಿದೆ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ತೆಳು ಪೇಸ್ಟ್ ಅಷ್ಟೇ, ಚೂರು ಒಂದೂ ಇಲ್ಲ. ಎಣ್ಣೆಯಲ್ಲಿ ಹಿತ್ತಾಳೆಯ ಹೊಳಪು ಸ್ವಲ್ಪ ಇತ್ತು, ಹೊಸ ರಿಂಗ್ ಕೂರುವಾಗ ಬರುವಂಥದ್ದೇ. ಗೆಳೆಯ ಬಂದು ಬೇಕಂತಲೇ ಒಂದರಿಂದ ಎರಡಕ್ಕೆ ಧಡ್ ಅಂತ ಎಳೆದು ನೋಡಿದ. ಏನೂ ಅನ್ನಲಿಲ್ಲ. ಮುಂದಿನ ವಾರ ಫೋನ್ ಮಾಡಿ, ಅವರ ಗ್ಯಾರೇಜಿಗೆ ಬಂದ ಇನ್ನೊಂದು ಎಂಎಕ್ಸ್-5ಗೆ ಆ ಪೀಣ್ಯದ ಪ್ಲೇಟ್ ಕೇಳಿದ. ಕೊಟ್ಟಿದ್ದೇನೆ, ಬಾಡಿಗೆ 20 ಪೌಂಡ್.