ಗದರಿಕೆ ಬಿಟ್ಟು ಕಲಿಸತೊಡಗಿದ ಮೇಲೆ: ಹಾಕಿ ಮೈದಾನದ ನನ್ನ ಅನುಭವ

ಕೊಡಗಿನ ಪದವಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ಹಾಕಿ ತಂಡದ ಹೊಣೆ ಹೊತ್ತಾಗ ನನಗೆ ಗೊತ್ತಿದ್ದುದು ಒಂದೇ ಬಗೆಯ ತರಬೇತಿ. ನನ್ನನ್ನು ಗದರಿಸಿ, ಮೈದಾನ ಸುತ್ತಿಸಿ ಆಟ ಕಲಿಸಿದ್ದರು. ನಾನೂ ಹಾಗೆಯೇ ಮಾಡಿದೆ. ಪಾಸ್ ತಪ್ಪಿದವನಿಗೆ ಹತ್ತು ಸುತ್ತು, ತಡವಾಗಿ ಬಂದವನಿಗೆ ಎಲ್ಲರೆದುರು ಬೈಗುಳ. 1997ರಲ್ಲಿ ಇಲ್ಲಿನ ಕರಡ ಗ್ರಾಮದಲ್ಲಿ ಆರಂಭವಾದ, ಕೊಡವ ಕುಟುಂಬಗಳೇ ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿ ಹಬ್ಬವನ್ನು ನೋಡುತ್ತ, ಭಾರತ ತಂಡಕ್ಕೆ ಆಡಿದ ಕೊಡಗಿನ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರ ಹೆಸರು ಕೇಳುತ್ತ ಬೆಳೆದ ಹುಡುಗರಿಗೆ ಆಟದ ಆಸೆಯನ್ನು ಯಾರೂ ತುಂಬಬೇಕಾಗಿರಲಿಲ್ಲ. ಅಂಥವರನ್ನು ಹೆದರಿಸಿ ಆಡಿಸಬೇಕೆಂದು ನಾನೇಕೆ ನಂಬಿದ್ದೆನೋ ಎಂದು ಈಗ ನೋವಾಗುತ್ತದೆ.

ನನ್ನ ಕಣ್ಣು ತೆರೆಸಿದ್ದು ಪೆನಾಲ್ಟಿ ಕಾರ್ನರ್, ಅಂದರೆ ರಕ್ಷಿಸುವ ತಂಡದ ತಪ್ಪಿಗೆ ಎದುರಾಳಿಗೆ ಸಿಗುವ, ಗೋಲ್ ಗೆರೆಯಿಂದ ಚೆಂಡು ಒಳತಳ್ಳಿ ಶುರುವಾಗುವ ಗೋಲಿನ ಅವಕಾಶ. ರಕ್ಷಿಸುವ ತಂಡದಿಂದ ಗೋಲ್‌ಕೀಪರ್ ಸೇರಿ ಐವರು ಗೋಲ್ ಗೆರೆಯ ಹಿಂದೆ ನಿಂತು, ಚೆಂಡು ಒಳಬಂದ ಕ್ಷಣವೇ ನುಗ್ಗಬೇಕು. ಅದಕ್ಕೂ ಮೊದಲು ಗೆರೆ ದಾಟಿದ ರಕ್ಷಕನನ್ನು ಅಂಪೈರ್ ಮಧ್ಯರೇಖೆಯ ಆಚೆ ಕಳಿಸುತ್ತಾರೆ, ಅವನ ಜಾಗಕ್ಕೆ ಬೇರೊಬ್ಬ ಬರುವಂತಿಲ್ಲ. ಚೆಂಡಿನತ್ತ ಎಲ್ಲರಿಗಿಂತ ಮೊದಲು ನುಗ್ಗುವ ನಮ್ಮ ಓಟಗಾರ ಒಮ್ಮೆ ಹೀಗೆ ಮುಂಚೆಯೇ ಹೊರಟು ಸಿಕ್ಕಿಬಿದ್ದಾಗ ನಾನು ಬದಿಗೆರೆಯಿಂದ ಕೂಗಾಡಿದೆ. ಮುಂದಿನ ಪಂದ್ಯಗಳಲ್ಲಿ ಅವನು ಅರೆಗಳಿಗೆ ತಡವಾಗಿ ಹೊರಡುತ್ತಿದ್ದ, ಅದಕ್ಕೂ ಬೈದೆ. ಕೊನೆಗೆ ಸಹ ಆಟಗಾರನೊಬ್ಬ, “ಸರ್, ಅವನು ಚೆಂಡು ನೋಡುತ್ತಿಲ್ಲ, ನಿಮ್ಮನ್ನು ನೋಡುತ್ತಿದ್ದಾನೆ” ಎಂದ. ಆ ಓಟಗಾರನ ಕಣಕಾಲು ಊದಿಕೊಂಡು ಎರಡು ವಾರವಾಗಿತ್ತೆಂಬುದೂ ಆಗಲೇ ತಿಳಿಯಿತು. ಇನ್ನೊಬ್ಬನ ನೋವನ್ನು ನಾನು ನೆಪವೆಂದು ಕರೆದಿದ್ದರಿಂದ ಇವನು ಬಾಯಿ ಬಿಟ್ಟಿರಲಿಲ್ಲ. ಬೈದದ್ದು ಎಲ್ಲರೆದುರಾದ್ದರಿಂದ ತಪ್ಪೊಪ್ಪಿಕೊಂಡದ್ದೂ ಎಲ್ಲರೆದುರೇ.

ಆಮೇಲೆ ನಾನು ಇನ್ನೊಂದು ತುದಿಗೆ ಹೋಗಿ ಎಲ್ಲದಕ್ಕೂ ಭೇಷ್ ಎನ್ನತೊಡಗಿದೆ. ಅದು ಹೆಚ್ಚು ದಿನ ನಡೆಯಲಿಲ್ಲ. ತಾನು ಆಡಿದ್ದು ಚೆನ್ನಾಗಿರಲಿಲ್ಲ ಎಂಬುದು ಆಡಿದವನಿಗೆ ಗೊತ್ತೇ ಇರುತ್ತದೆ. ದಾರಿ ತೋರಿದ್ದು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ತರಬೇತುದಾರ ಜಾನ್ ವುಡನ್ ಕುರಿತ ಓದು. 1974–75ರಲ್ಲಿ ಅವರ ಅಭ್ಯಾಸವನ್ನು ಕೂತು ದಾಖಲಿಸಿದ ಇಬ್ಬರು ಮನಶ್ಶಾಸ್ತ್ರಜ್ಞರಿಗೆ ಕಂಡದ್ದೇನೆಂದರೆ, ಅವರ ಮಾತುಗಳಲ್ಲಿ ಸುಮಾರು ಅರ್ಧ ಬರೀ ಸೂಚನೆ, ಹೊಗಳಿಕೆ ಶೇಕಡ 7ರಷ್ಟೂ ಇಲ್ಲ. ಸರಿಯಾದುದನ್ನು ತೋರಿಸಿ, ಹುಡುಗ ಮಾಡಿದ್ದನ್ನು ತೋರಿಸಿ, ಮತ್ತೆ ಸರಿಯಾದುದನ್ನು ತೋರಿಸುವುದು ಅವರ ಕ್ರಮವಾಗಿತ್ತು. ನನ್ನ ಕೂಗಾಟದಲ್ಲಿ ಇಲ್ಲದಿದ್ದುದು ಇದೇ: ಮುಂದಿನ ಬಾರಿ ಕಾಲು ಎಲ್ಲಿಡಬೇಕೆಂಬ ಒಂದು ಮಾತು.

ಮಳೆಗಾಲದಲ್ಲಿ ಮೈದಾನ ಕೆಸರಾದಾಗ ಸಭಾಂಗಣದ ನೆಲದ ಮೇಲೆ ಸೀಮೆಸುಣ್ಣದಿಂದ ಗೋಲಿನ ಮುಂದಿನ ವೃತ್ತ ಬರೆದು ಐವರು ರಕ್ಷಕರನ್ನೂ ನಡೆಸಿದೆ. ಓಟಗಾರನಿಗೆ ಹೇಳಿದ್ದಿಷ್ಟು: ನನ್ನನ್ನು ನೋಡಬೇಡ, ಚೆಂಡು ಒಳತಳ್ಳುವವನ ಸ್ಟಿಕ್ ನೋಡು, ಅದು ಚೆಂಡನ್ನು ಮುಟ್ಟಿದಾಗ ಹೊರಡು. ತಪ್ಪಿದಾಗ ಬೈಯುವ ಮೊದಲು, “ಏನು ಕಂಡಿತಪ್ಪ?” ಎಂದು ಕೇಳುವುದನ್ನು ರೂಢಿಸಿಕೊಂಡೆ. ಅವರ ಉತ್ತರಗಳಿಂದ ಎಷ್ಟೋ ಸಲ ನನ್ನ ಸೂಚನೆಯೇ ಅಸ್ಪಷ್ಟವಾಗಿತ್ತೆಂದು ಗೊತ್ತಾಯಿತು.

ಶಿಸ್ತು ಸಡಿಲವಾಗಿಲ್ಲ. ಮೊಣಕಾಲ ಕೆಳಗೆ ಕಟ್ಟುವ ರಕ್ಷಾಪಟ್ಟಿ, ಶಿನ್ ಗಾರ್ಡ್, ಇಲ್ಲದವನು ಒಳಗಿಳಿಯುವಂತಿಲ್ಲ. ಎದುರಾಳಿಯ ಮೇಲೆ ಸ್ಟಿಕ್ ಎತ್ತಿದವನಿಗೆ ಇಂದಿಗೂ ಗಟ್ಟಿಯಾಗಿಯೇ ಹೇಳುತ್ತೇನೆ. ಆದರೆ ಈಗ ಅಭ್ಯಾಸಕ್ಕೆ ಮೊದಲೇ ಯಾರಾದರೂ ಬಂದು, “ಸರ್, ತೊಡೆ ಹಿಡಿದಿದೆ, ಇವತ್ತು ಓಡಲಾರೆ” ಎನ್ನುತ್ತಾರೆ. ಅವರನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡು, ಗೆರೆಯಿಂದ ಯಾರು ಯಾವಾಗ ಹೊರಟರೆಂದು ಬರೆಯಲು ಪುಸ್ತಕ ಕೊಡುತ್ತೇನೆ.