ಒಡೆದ ಸಂಸಾರ ನಿಂತಿತು: ಚಳಿ ಬಿಡುವಾಗ ತುಡುವೆ ಪಾಲು ಮಾಡಿದ ನನ್ನ ಅನುಭವ

ಈಗ ನಮ್ಮ ಮನೆಯ ಸುತ್ತ 11 ಜೇನು ಪೆಟ್ಟಿಗೆಗಳಿವೆ. ಎಲ್ಲವೂ ತುಡುವೆ, ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು. ಇವುಗಳ ಮೂಲ ಎರಡೇ ಸಂಸಾರ. ಸಂಸಾರ ಎಂದರೆ ಒಂದು ರಾಣಿ ಮತ್ತು ಅದರ ಹುಳಗಳ ಗುಂಪು. ಒಂದು ದುಡ್ಡು ಕೊಟ್ಟು ತಂದದ್ದು, ಇನ್ನೊಂದು ಬೆಟ್ಟದ ಮರದ ಪೊಟರೆಯಿಂದ ಹಿಡಿಸಿದ್ದು. ಉಳಿದದ್ದೆಲ್ಲ ಆ ಎರಡರ ಮಕ್ಕಳು, ಮೊಮ್ಮಕ್ಕಳು. ಒಂದು ಸಂಸಾರವನ್ನು ಒಡೆದು ಎರಡು ಪಾಲು ಮಾಡಿದ್ದು ನಾನೇ, ಈ ಕೈಯಿಂದಲೇ.

ಇದನ್ನು ಬರೆಯಲು ಕಾರಣ ಇದೆ. "ಒಡೆದ ಸಂಸಾರ ನಿಲ್ಲೂದಿಲ್ಲ ತಂಗೀ, ಎರಡೂ ಹೋಗ್ತದೆ" ಎಂದು ಪಕ್ಕದ ಮನೆಯ ದೊಡ್ಡಪ್ಪ ಮೂರು ವರ್ಷ ಹೇಳಿದರು. ಅವರು ಚಿಕ್ಕಂದಿನಿಂದ ಜೇನು ಕಂಡವರು. 1991-92ರ ಸುಮಾರಿಗೆ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂದಾಗ ಅವರ ಇಪ್ಪತ್ತು ಪೆಟ್ಟಿಗೆಗಳಲ್ಲಿ ಒಂದೂ ಉಳಿಯಲಿಲ್ಲವಂತೆ. ಮರಿಗಳು ನೀರು ತುಂಬಿದ ಚೀಲದ ಹಾಗಾಗಿ ಎರಿಯಲ್ಲೇ (ಮೇಣದ ಹುಟ್ಟಿನಲ್ಲೇ) ಸತ್ತಿದ್ದನ್ನು ಅವರು ಇವತ್ತಿಗೂ ಹೇಳುತ್ತಾರೆ. ಹಾಗಾಗಿ ಅವರ ಮಾತನ್ನು ತೆಗೆದು ಹಾಕಲು ಆಗುತ್ತಿರಲಿಲ್ಲ. ನಮ್ಮ ಮನೆಯವರೂ ನಂಬಿರಲಿಲ್ಲ. "ಪ್ರತಿ ವರ್ಷ ಒಂದೊಂದು ಕೊಂಡರೆ ಆಯಿತಲ್ಲ" ಎನ್ನುತ್ತಿದ್ದರು. ಆ ಕೊಳ್ಳುವ ದುಡ್ಡೇ ನನಗೆ ಹೊಟ್ಟೆ ಉರಿಸಿದ್ದು.

ಮೊದಲ ವರ್ಷ ಎರಡು ಪೆಟ್ಟಿಗೆ ತಂದೆ. ಸಂಸಾರ ಸಮೇತ ಒಂದಕ್ಕೆ 4,200 ರೂಪಾಯಿ. ಕೊಟ್ಟವರು ಚೌಕಟ್ಟುಗಳಲ್ಲಿ ಕಪ್ಪಾದ ಹಳೇ ಎರಿ ಇಟ್ಟು ಕೊಟ್ಟಿದ್ದರು. ನನಗೆ ಆಗ ತಿಳಿಯಲಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮೇಣದ ಹುಳ ಬಿದ್ದು ಒಂದು ಖಾಲಿಯಾಯಿತು. ಇನ್ನೊಂದು ಮಳೆ ದಾಟಿತು, ಚೆನ್ನಾಗಿ ಬೆಳೆಯಿತು. ಸಂಕ್ರಾಂತಿ ಕಳೆದು ನಾಲ್ಕೋ ಐದೋ ದಿನಕ್ಕೆ ಪಾಲಾಗಿ ಅರ್ಧ ಹುಳ ಮಾವಿನ ಮರದ ತುದಿಗೆ ಹೋಗಿ ಕೂತಿತು. ನಾನು ಆಗ ಚಾಲಿ ಅಡಿಕೆ ಒಣಗಿಸಲು ಅಂಗಳದಲ್ಲಿದ್ದೆ. ಏಣಿ ತರುವಷ್ಟರಲ್ಲಿ ಹಾರಿ ಹೋಯಿತು. ಉಳಿದ ಅರ್ಧ ಮತ್ತೊಮ್ಮೆ ಪಾಲಾಗಿ, ಬಡವಾಗಿ, ಇರುವೆ ಮುತ್ತಿ ಮುಗಿಯಿತು. ಒಂದೇ ವರ್ಷದಲ್ಲಿ 8,400 ರೂಪಾಯಿ ಹೋಯಿತು. ಸಿಕ್ಕ ಜೇನು ಒಂದು ಬಾಟಲಿ.

ಅವತ್ತೇ ಅನಿಸಿತು. ಈ ಹೊತ್ತಿಗೆ ಅದು ತಾನಾಗಿಯೇ ಒಡೆಯುತ್ತದೆ ಎಂದರೆ ಒಡೆಯುವ ಕಾಲ ಇದೇ. ಅದಕ್ಕಿಂತ ಎರಡು ದಿನ ಮುಂಚೆ ನಾನು ಒಡೆದರೆ?

ಎರಡನೇ ವರ್ಷ ಮತ್ತೆ ಒಂದು ಕೊಂಡೆ. ಇನ್ನೊಂದನ್ನು ಪೊಟರೆಯಿಂದ ಹಿಡಿದುಕೊಟ್ಟವನಿಗೆ 800 ರೂಪಾಯಿ, ಊಟ. ಅವಸರ ಮಾಡಿದ್ದು ಆ ವರ್ಷವೇ. ಡಿಸೆಂಬರ್ ಮೊದಲ ವಾರದಲ್ಲೇ ಪಾಲು ಮಾಡಿದೆ. ರಾಣಿ ಇಲ್ಲದ ಪಾಲಿನಲ್ಲಿ ಹುಳಗಳು ರಾಣಿ ಕೋಶ ಕಟ್ಟಿದವು, ರಾಣಿ ಹೊರಗೂ ಬಂತು. ಆದರೆ ಆಗ ಅದರ ಜೊತೆ ಕೂಡಲು ಗಂಡು ನೊಣಗಳೇ ಇರಲಿಲ್ಲ! ಒಂದು ತಿಂಗಳ ಮೇಲೆ ನೋಡಿದರೆ ಎರಿಯ ಒಂದೊಂದು ಕಣದಲ್ಲಿ ಮೂರು ನಾಲ್ಕು ಮೊಟ್ಟೆ. ರಾಣಿ ಕಳೆದುಹೋಗಿ ಕೆಲಸದ ನೊಣಗಳೇ ಮೊಟ್ಟೆ ಇಡಲು ಶುರುಮಾಡಿದ್ದವು. ಅದರಲ್ಲಿ ಹುಟ್ಟುವುದೆಲ್ಲ ಗಂಡು. ಅಂಥದ್ದನ್ನು ಸರಿ ಮಾಡಲು ಹೋಗಿ ಕೈ ಸುಟ್ಟುಕೊಂಡವರು ನಿಮ್ಮಲ್ಲೂ ಇರುತ್ತೀರಿ. ನಾನು ಅದನ್ನು ಹಳೇ ಸಂಸಾರಕ್ಕೆ ಕೂಡಿಸಿಬಿಟ್ಟೆ.

ಮೂರನೇ ವರ್ಷ ಗಂಡು ನೊಣ ನೋಡಿಯೇ ಮಾಡಿದೆ. ಆದರೆ ಆಸೆ ಜಾಸ್ತಿಯಾಯಿತು. ಎರಡು ಪೆಟ್ಟಿಗೆಯನ್ನೂ ಒಂದೇ ದಿನ ಒಡೆದೆ. ಹೊಸ ಪಾಲಿಗೆ ಮರಿ ತುಂಬಿದ ಎರಿ ಮೂರು, ಅದನ್ನು ಮುಚ್ಚಿ ಕೂರಲು ಹುಳ ಮಾತ್ರ ಕಡಿಮೆ. ಹಗಲು ಬಿಸಿಲು ಚೆನ್ನಾಗಿತ್ತು. ರಾತ್ರಿ ನಮ್ಮ ತೋಟದ ಕೆಳಗೆ ಹೊಳೆಯ ಬದಿ ಬೀಳುವ ಚಳಿ ನಿಮಗೆ ಗೊತ್ತಲ್ವಾ. ನಾಲ್ಕನೇ ದಿನ ಪೆಟ್ಟಿಗೆಯ ಬಾಗಿಲಲ್ಲಿ ಸತ್ತ ಮರಿಗಳನ್ನು ಎಳೆದು ಹಾಕುತ್ತಿದ್ದವು. ನೋಡಿ ಅಳು ಬಂತು. ಅದರ ಮೇಲೆ ಸಕ್ಕರೆ ನೀರು ಕೊಡಲು ಹೋಗಿ ಪೆಟ್ಟಿಗೆಯ ಹೊರಗೆ ಚೆಲ್ಲಿದೆ. ಬಲವಾದ ಪೆಟ್ಟಿಗೆಯ ಹುಳ ಬಂದು ಬಡವನ ಮನೆ ದೋಚಿ ಹೋದವು. ದೊಡ್ಡಪ್ಪ ಬಂದು ನೋಡಿದರು, ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ನಾಲ್ಕನೇ ವರ್ಷ ಸರಿಯಾಯಿತು. ಈಗ ಮಾಡುವುದು ಹೀಗೆ.

ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಒಂದು ಹನಿ ಜೇನನ್ನೂ ತೆಗೆಯುವುದಿಲ್ಲ. ಚಳಿಗಾಲದಲ್ಲಿ ಅದು ಕೂಡಿಟ್ಟದ್ದೆಲ್ಲ ಅದಕ್ಕೇ. ಸಕ್ಕರೆ ನೀರಿಗಿಂತ ಇದು ಅಗ್ಗ, ಲೆಕ್ಕ ಹಾಕಿ ನೋಡಿ. ಸಂಕ್ರಾಂತಿ ಕಳೆದ ಮೇಲೆ ವಾರಕ್ಕೊಮ್ಮೆ ಪೆಟ್ಟಿಗೆಯಲ್ಲಿ ಮರಿಗಳಿರುವ ಸಂಸಾರ ಕೋಣೆ ತೆರೆಯುತ್ತೇನೆ. ನೋಡುವುದು ಗಂಡು ಮರಿಯ ಮುಚ್ಚಳವನ್ನು. ತುಡುವೆಯಲ್ಲಿ ಆ ಮುಚ್ಚಳದ ನಡುವೆ ಸೂಜಿ ಮೊನೆಯಷ್ಟು ತೂತು ಇರುತ್ತದೆ, ಹಾಗಾಗಿ ಗುರುತು ತಪ್ಪುವುದಿಲ್ಲ. ಅದು ಕಂಡ ಕೂಡಲೇ ಕೈ ಹಾಕುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ದಪ್ಪ ಕಪ್ಪು ಗಂಡು ನೊಣಗಳು ಬಾಗಿಲಿಂದ ಗುಂಯ್ ಎಂದು ಹಾರಬೇಕು. ಅಲ್ಲಿಯವರೆಗೆ ಕಾಯುತ್ತೇನೆ.

ನಮ್ಮ ಕಡೆ ಅದು ರಥಸಪ್ತಮಿಯಿಂದ ಶಿವರಾತ್ರಿಯ ಒಳಗೆ. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೋಗುತ್ತದೆ ಅಂತಾರಲ್ಲ, ಹಾಗೆ ರಾತ್ರಿಯ ಚಳಿ ಮುರಿಯುವ ಹೊತ್ತು. ಮಾವಿನ ಹೂವು ಇರುತ್ತದೆ, ಗೇರು ಹೂ ಬಿಡುತ್ತಿರುತ್ತದೆ, ಅಡಿಕೆ ಸಿಂಗಾರ ಒಡೆದು ಪರಾಗ ಸಿಗುತ್ತದೆ. ಮುಂದೆ ನೇರಳೆ, ನೆಲ್ಲಿ ಬರುತ್ತವೆ ಎಂಬ ಧೈರ್ಯವೂ ಇರುತ್ತದೆ.

ಎಲ್ಲ ಚೌಕಟ್ಟಿನ ಮೇಲೂ ಹುಳ ತುಂಬಿರಬೇಕು. ಎರಿಯ ಕೆಳ ಅಂಚಿನಲ್ಲಿ ರಾಣಿ ಕೋಶ ಇಳಿದಿರಬೇಕು. ಕೋಶ ಮುಚ್ಚಿದ ಮೇಲೆ ವಾರದೊಳಗೆ ಅದರ ತುದಿಯ ಮೇಣವನ್ನು ಹುಳಗಳು ಕೆರೆದು ತೆಗೆಯುತ್ತವೆ. ತುದಿ ಕಾಗದದ ಹಾಗೆ ಕಂದಾಗುತ್ತದೆ. ಇವತ್ತೋ ನಾಳೆಯೋ ರಾಣಿ ಹೊರಗೆ ಬರುತ್ತದೆ ಎಂದು ಅರ್ಥ. ನಾನು ಪಾಲು ಮಾಡುವುದು ಆಗ, ಸಂಜೆ ನಾಲ್ಕರ ಮೇಲೆ. ಮುಂಚೆ ಹಸಿ ಕೋಶ ಇಟ್ಟು ಮಾಡಿದಾಗ ಚಳಿಗೆ ಕೋಶವೇ ಕೆಡುತ್ತಿತ್ತು. ಒಂದು ಒಳ್ಳೆ ಕೋಶ ಉಳಿಸಿ ಬಾಕಿ ತೆಗೆಯುತ್ತೇನೆ. ಯಾವುದನ್ನು ಉಳಿಸಬೇಕು ಎನ್ನುವುದಕ್ಕೆ ನನ್ನದೊಂದು ಗುರುತು ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮೂರು ವರ್ಷ ಕಳೆದು ಕಲಿತದ್ದು.

ಹಳೇ ರಾಣಿ ಒಂದು ಪೆಟ್ಟಿಗೆಗೆ, ಕೋಶ ಇನ್ನೊಂದಕ್ಕೆ. ಹಳೇ ಪೆಟ್ಟಿಗೆ ಇದ್ದ ಜಾಗವನ್ನು ಖಾಲಿ ಬಿಡುತ್ತೇನೆ. ಅದರ ಎಡಕ್ಕೆ ಒಂದು, ಬಲಕ್ಕೆ ಒಂದು, ನಡುವೆ ಎರಡು ಅಡಿ. ತೋಟದಿಂದ ಮರಳಿ ಬರುವ ಹುಳ ಮನೆ ಕಾಣದೆ ಸುತ್ತಿ, ಎರಡಕ್ಕೂ ಹಂಚಿಕೊಳ್ಳುತ್ತವೆ. ಒಂದಕ್ಕೆ ಜಾಸ್ತಿ ಹೋದರೆ ಆ ಪೆಟ್ಟಿಗೆಯನ್ನು ಸ್ವಲ್ಪ ದೂರ ಸರಿಸಿದರೆ ಆಯಿತು. ಪುಸ್ತಕದಲ್ಲಿ ಎರಡು ಮೂರು ಕಿಲೋಮೀಟರ್ ದೂರ ಒಯ್ಯಲು ಹೇಳುತ್ತಾರೆ. ಹೆಂಗಸರು ಕತ್ತಲಲ್ಲಿ ಪೆಟ್ಟಿಗೆ ಹೊತ್ತು ಎಲ್ಲಿಗೆ ಹೋಗುವುದು? ಹೊಸ ಪೆಟ್ಟಿಗೆಯ ಒಳಗೆ ನಾನು ಒಂದು ಸೊಪ್ಪು ತಿಕ್ಕುತ್ತೇನೆ. ಅದು ನಮ್ಮ ಅತ್ತೆ ಹೇಳಿಕೊಟ್ಟದ್ದು. ಅವರನ್ನು ಕೇಳದೆ ಹೇಳಲಾರೆ.

ಚಳಿಗೆ ಮಾಡಿದ ಉಪಾಯ ಸುಲಭ. ಪೆಟ್ಟಿಗೆಯಲ್ಲಿ ಖಾಲಿ ಜಾಗ ಬಿಡಬಾರದು. ನಾಲ್ಕು ಚೌಕಟ್ಟು, ಪಕ್ಕದಲ್ಲಿ ಅಡ್ಡ ಹಲಗೆ. ಮೇಲೆ ಮಡಚಿದ ಗೋಣಿಚೀಲ, ಅದರ ಮೇಲೆ ಅಡಿಕೆ ಹಾಳೆ. ಬಾಗಿಲನ್ನು ಎರಡು ಹುಳ ಹೋಗುವಷ್ಟೇ ಕಿರಿದು ಮಾಡುತ್ತೇನೆ. ಇದರಿಂದ ಕಳ್ಳ ಹುಳಗಳ ಕಾಟವೂ ತಪ್ಪಿತು.

ಆಮೇಲಿನದ್ದೇ ಕಷ್ಟ. 15 ದಿನ ತೆರೆಯಬಾರದು. ನಾನು ಮೊದಲೆಲ್ಲ ದಿನಾ ತೆರೆದು ನೋಡುತ್ತಿದ್ದೆ. ಹೊಸ ರಾಣಿ ಹೆದರುತ್ತದೆ, ಹುಳ ಗೂಡು ಬಿಟ್ಟೇ ಹೋಗುತ್ತದೆ. ತುಡುವೆಗೆ ಸಿಟ್ಟು ಬಂದರೆ ಕಚ್ಚುವುದಕ್ಕಿಂತ ಮನೆ ಬಿಡುವುದೇ ಜಾಸ್ತಿ. ಈಗ ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕಿ, ಕೊಟ್ಟಿಗೆ ಕೆಲಸ ಮುಗಿಸಿ, ಚಾಲಿ ಹರವಿ, ಹತ್ತು ಗಂಟೆಗೆ ಚಾ ಲೋಟ ಹಿಡಿದು ಪೆಟ್ಟಿಗೆಯ ಎದುರು ಸುಮ್ನೆ ಕೂರುತ್ತೇನೆ. ಕಾಲಲ್ಲಿ ಹಳದಿ ಪರಾಗದ ಉಂಡೆ ಹೊತ್ತ ಹುಳ ಒಳಗೆ ಹೋಗುವುದು ಹೆಚ್ಚಾದರೆ ಒಳಗೆ ಮರಿ ಶುರುವಾಗಿದೆ ಎಂದು ತಿಳಿಯಬಹುದು. ತೆರೆದು ನೋಡಬೇಕಾಗಿಯೇ ಇಲ್ಲ.

ಇನ್ನೊಂದು ಅಪಾಯ ಯಾರೂ ಹೇಳಿರಲಿಲ್ಲ. ಆಲೆಮನೆ! ನಾವು ಪಾಲು ಮಾಡುವ ಹೊತ್ತಿಗೇ ಊರಲ್ಲಿ ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆ ನಡೆಯುತ್ತದೆ. ಒಂದು ವರ್ಷ ನಮ್ಮಿಂದ ಅರ್ಧ ಮೈಲಿ ದೂರದ ಗದ್ದೆಯಲ್ಲಿ ಹಾಕಿದ್ದರು. ಮಕ್ಕಳ ಜೊತೆ ಕಬ್ಬಿನ ಹಾಲು ಕುಡಿಯಲು ಹೋದವಳು ನೋಡಿದೆ. ಕೊಪ್ಪರಿಗೆಯ ನೊರೆಯ ಮೇಲೆಲ್ಲ ತುಡುವೆ ತೇಲುತ್ತಿತ್ತು. ಕಬ್ಬಿನ ಹಾಲಿಗೆ ಬಂದು ಬೆಂದು ಸತ್ತಿದ್ದವು. ಸಾವಿರವೋ ಎರಡು ಸಾವಿರವೋ, ಸೌಟಿನಲ್ಲಿ ತೆಗೆದು ಎಸೆಯುತ್ತಿದ್ದರು. ಮಾರನೇ ದಿನ ನನ್ನ ಹೊಸ ಪಾಲುಗಳಲ್ಲಿ ಹುಳ ಅರ್ಧಕ್ಕೆ ಇಳಿದಿತ್ತು. ಈಗ ಆಲೆಮನೆಯ ದಿನ ಮೊದಲೇ ಕೇಳಿಕೊಳ್ಳುತ್ತೇನೆ. ಹಾಲು ಶೇಖರಿಸುವ ಹಂಡೆಗೆ ಕಟ್ಟಲು ಹಳೇ ಸೀರೆ ಕೊಡುತ್ತೇನೆ. ಹೊಸ ಪಾಲುಗಳ ಪೆಟ್ಟಿಗೆಯಿಂದ ಹತ್ತಡಿ ದೂರದಲ್ಲಿ ತಟ್ಟೆಗೆ ನೀರು, ಕಲ್ಲು ಹಾಕಿ ಇಡುತ್ತೇನೆ. ನೀರಿಗೆ ಬಂದದ್ದು ಹಾಲಿಗೆ ಹೋಗುವುದಿಲ್ಲ ಎಂದು ಹೇಳಲಾರೆ, ಆದರೂ ಇಡುತ್ತೇನೆ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಹಳೇ ಎರಿ ಕರಗಿಸಿದ ಮೇಣಕ್ಕೆ ಕೊಬ್ಬರಿ ಎಣ್ಣೆ ಸೇರಿಸಿ ಹಿಮ್ಮಡಿ ಒಡಕಿಗೆ ಮುಲಾಮು ಮಾಡಿದೆ. ಒಂದು ಪಾಲು ಮೇಣಕ್ಕೆ ನಾಲ್ಕು ಪಾಲು ಎಣ್ಣೆ. ಮೊದಲ ಸಲ ಅರ್ಧಕ್ಕರ್ಧ ಹಾಕಿ ಮೇಣದಬತ್ತಿಯ ಹಾಗೆ ಗಟ್ಟಿಯಾಗಿತ್ತು. ತೋಟದ ಕೆಲಸಕ್ಕೆ ಬರುವ ಹೆಂಗಸರಿಗೆ ಡಬ್ಬಿ ಕೊಟ್ಟೆ. ಈಗ ಚಳಿ ಶುರುವಾಗುವ ಮೊದಲೇ ಕೇಳುತ್ತಾರೆ. ಗೋಡೆಯ ಮಿಸ್ರಿ ಜೇನನ್ನು (ಚುಚ್ಚದ ಸಣ್ಣ ಜೇನು) ಬಿದಿರಿನ ಅಂಡೆಗೆ ಪಾಲು ಮಾಡಲು ನೋಡಿದೆ. ಎರಡು ಸಲ ಆಗಲಿಲ್ಲ. ಮೂರನೆಯದು ನಿಂತಿದೆ. ವರ್ಷಕ್ಕೆ ಒಂದು ಲೋಟ ಜೇನೂ ಬಾರದು, ಮಕ್ಕಳ ಕೆಮ್ಮಿಗೆ ಇಟ್ಟಿದ್ದೇನೆ.

ಇನ್ನು ಲೆಕ್ಕ. ಬರೆದಿಟ್ಟಿಲ್ಲ, ನೆನಪಿನಿಂದ ಹೇಳುತ್ತೇನೆ. ನಾಲ್ಕನೇ ವರ್ಷ ಎರಡು ಐದಾಯಿತು. ಮಳೆ ದಾಟಿದ್ದು ನಾಲ್ಕು. ಆ ವರ್ಷ ಜೇನು ಏಳೆಂಟು ಕೆಜಿ. ಮನೆಗೇ ಸಾಲಲಿಲ್ಲ. ಕಳೆದ ವರ್ಷ ನಾಲ್ಕನ್ನು ಹತ್ತು ಮಾಡಿದೆ. ಮೂರನ್ನು ಪೆಟ್ಟಿಗೆ ಬಿಟ್ಟು ಬರೀ ಸಂಸಾರ 2,500ರಂತೆ ಮಾರಿದೆ. ಜೇನು 22 ಕೆಜಿ ಹತ್ತಿರ ಬಂತು. 18 ಕೆಜಿ ಹೊರಗೆ ಹೋಯಿತು, ಕೆಜಿಗೆ 600. ಎರಡೂ ಸೇರಿ 18 ಸಾವಿರದ ಮೇಲೆ ಕೈಗೆ ಬಂತು. ಉಳಿದ ಏಳರಲ್ಲಿ ಮಳೆಗಾಲದಲ್ಲಿ ಕಣಜದ ಕಾಟಕ್ಕೆ ಒಂದು ಹೋಯಿತು. ಇಲ್ಲಿಯವರೆಗಿನ ಖರ್ಚು ಹಲಸಿನ ಹಲಗೆಯ ಪೆಟ್ಟಿಗೆ, ಜೇನು ತೆಗೆಯುವ ಮಷಿನ್, ಸಕ್ಕರೆ ಎಲ್ಲ ಸೇರಿ 30 ಸಾವಿರ ದಾಟಿದೆ. ಹುಟ್ಟುವಳಿ ಇನ್ನೂ ಅದಕ್ಕಿಂತ ಕೆಳಗೇ ಇದೆ. ಆದರೆ ಈ ಸಲ ಎರಡು ಸಂಸಾರಕ್ಕೆ ಮುಂಗಡ ಬಂದಿದೆ, ಜೇನು ತೆಗೆಯುವುದು ಇನ್ನು ಮುಂದೆ. ಎರಿಯ ಮುಕ್ಕಾಲು ಭಾಗ ಮುಚ್ಚಳ ಕಟ್ಟುವವರೆಗೆ ನಾನು ತೆಗೆಯುವುದಿಲ್ಲ. ಹಸಿ ಜೇನು ತೆಗೆದರೆ ಮಳೆಗಾಲಕ್ಕೆ ಹುಳಿ ಬಂದು ಬಾಟಲಿಯ ಮುಚ್ಚಳ ಹಾರುತ್ತದೆ. ಒಮ್ಮೆ ಹಾಗೆ ಆಗಿ ಆರು ಬಾಟಲಿ ಹಾಳಾಗಿತ್ತು.

ಈ ವರ್ಷ ಆರರಲ್ಲಿ ಐದನ್ನು ಪಾಲು ಮಾಡಿದೆ. ಒಂದನ್ನು ಮುಟ್ಟಲಿಲ್ಲ, ಪೂರ್ತಿ ಜೇನಿಗೇ ಬಿಟ್ಟಿದ್ದೇನೆ. ಎರಡರ ಹೋಲಿಕೆ ಸಿಗಲಿ ಎಂದು. ದೊಡ್ಡಪ್ಪ ಮೊನ್ನೆ ಬಂದು ಒಂದೊಂದೇ ಪೆಟ್ಟಿಗೆಗೆ ಕಿವಿ ಕೊಟ್ಟು ಕೇಳಿದರು. ರಾಣಿ ಇರುವ ಪೆಟ್ಟಿಗೆಯ ಸದ್ದೇ ಬೇರೆ ಎಂದು ಅವರೇ ನನಗೆ ಕಲಿಸಿದ್ದು. ನಾಲ್ಕು ಹೊಸ ಪಾಲಿಗೆ ತಲೆ ಆಡಿಸಿದರು. ಐದನೆಯದರ ಹತ್ತಿರ ನಿಂತು "ಇದು ಇನ್ನೂ ಅಳ್ತಾ ಉಂಟು ತಂಗೀ, ತೆಗೆದು ನೋಡು" ಎಂದರು.

ಬಚ್ಚಲ ಹಿಂದಿನ ಪೆಟ್ಟಿಗೆ ಅದು. ಪಾಲು ಮಾಡಿ ಇವತ್ತಿಗೆ 12 ದಿನ. ನಿನ್ನೆ ಮಧ್ಯಾಹ್ನ ಅಪ್ಪೆಮಿಡಿ ಉಪ್ಪಿಗೆ ಹಾಕುತ್ತ ಕಣ್ಣು ಅಲ್ಲೇ ಇಟ್ಟಿದ್ದೆ. ಪರಾಗ ಹೊತ್ತ ಹುಳ ಒಂದು ತಾಸಿಗೆ ಮೂರೋ ನಾಲ್ಕೋ ಒಳಗೆ ಹೋಯಿತು, ಅಷ್ಟೇ. ಕೈ ತುರಿಸುತ್ತಿದೆ. ಆದರೂ ಸೋಮವಾರದವರೆಗೆ ತೆರೆಯುವುದಿಲ್ಲ.